ಪಂಗುನಿ ಆಮೆಯ ಕಾವಲುಗಾರರು

ಬಾಲ್ಯದಲ್ಲಿ ನಮ್ಮೂರಿನ ದೇವಸ್ಥಾನದ ಜಗುಲಿಯಲ್ಲಿ ಕೇಳಿದ ಒಂದು ಮಾತು ಬಹುಕಾಲ ನನ್ನ ಮನಸ್ಸಿನಲ್ಲಿ ಯಾವ ಪ್ರಶ್ನೆಯನ್ನೂ ಎಬ್ಬಿಸದೆ ಸುಮ್ಮನೆ ಕುಳಿತಿತ್ತು. ಗುರುವು ಶಿಷ್ಯನನ್ನು ಅನುಗ್ರಹಿಸುವ ಬಗೆ ಮೂರು ಎಂದು ಪುರಾಣಿಕರು ವಿವರಿಸುತ್ತಿದ್ದರು. ಹಕ್ಕಿ ತನ್ನ ಮರಿಯನ್ನು ಸ್ಪರ್ಶದಿಂದ ಬೆಳೆಸುತ್ತದೆ, ಮೀನು ನೋಟದಿಂದ ಬೆಳೆಸುತ್ತದೆ, ಆಮೆ ದೂರದಲ್ಲಿದ್ದು ಬರಿಯ ಸ್ಮರಣೆಯಿಂದಲೇ ಬೆಳೆಸುತ್ತದೆ. ನಮ್ಮ ಆಗಮ ತಂತ್ರಗಳ ಪರಂಪರೆಯಲ್ಲಿ ಹಳೆಯದಾದ ಈ ದೃಷ್ಟಾಂತವನ್ನು ಕನ್ನಡದ ಹರಿಕಥೆಗಳಲ್ಲಿ ಇಂದಿಗೂ ಕೇಳಬಹುದು. ಆಮೆಯ ಪಾಲಿಗೆ ಸ್ಮರಣೆಯೇ ಏಕೆ ಬಂತು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಉತ್ತರ ದೊರೆತದ್ದು ಬಹಳ ವರ್ಷಗಳ ಮೇಲೆ, ಉದ್ಯೋಗದ ನಿಮಿತ್ತ ಚೆನ್ನೈಗೆ ಬಂದು ನೆಲೆಸಿ, ಒಂದು ಫೆಬ್ರವರಿಯ ರಾತ್ರಿ ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ಮರಳಿನ ಮೇಲೆ ನಡೆದಾಗ.

ಕಡಲಾಮೆ ಮೊಟ್ಟೆಯಿಟ್ಟು ಹೊರಟರೆ ಮತ್ತೆ ತಿರುಗಿ ನೋಡುವುದಿಲ್ಲ. ಮರಿಗಳು ಒಡೆದು ಹೊರಬರುವ ಹೊತ್ತಿಗೆ ತಾಯಿ ಎಷ್ಟೋ ಹರದಾರಿ ದೂರದಲ್ಲಿರುತ್ತದೆ. ತಾಯಿಯೇ ಇಲ್ಲದ ಗೂಡಿನಿಂದ ಮರಿಗಳು ಹುಟ್ಟುವುದನ್ನು ಕಂಡ ಯಾರೋ ಹಿರಿಯರಿಗೆ ಇದಕ್ಕೊಂದು ವಿವರಣೆ ಬೇಕೆನಿಸಿರಬೇಕು. ಎಲ್ಲೋ ಇದ್ದುಕೊಂಡು ನೆನೆಯುತ್ತಿದೆ, ಆ ನೆನಪಿನ ಬಿಸುಪಿಗೇ ಮೊಟ್ಟೆ ಬಲಿಯುತ್ತಿದೆ ಎಂದರು. ತಮಿಳರು ಇದಕ್ಕೆ ಬೇರೆಯೇ ಉತ್ತರ ಕೊಟ್ಟಿದ್ದಾರೆ. ಸಂಗಂ ಕಾಲದ ಅಗನಾನೂರಿನ 160ನೆಯ ಪದ್ಯದಲ್ಲಿ ತುಂಬುಗರ್ಭಿಣಿ ಆಮೆಯೊಂದು ಅಡುಂಬು ಬಳ್ಳಿಯ ಮರಳುದಿಬ್ಬದ ಪಕ್ಕ ಮೊಟ್ಟೆಗಳನ್ನು ಮರೆಮಾಡಿ ಹೂತಿಡುವ ಚಿತ್ರವಿದೆ. ಮರಿ ಹೊರಬರುವ ತನಕ ಅವನ್ನು ಕಾಯುವವನು ಅಗಲಬಾಯಿಯ ಗಂಡಾಮೆ. ಬಳ್ಳಿ, ಮರಳು, ಮೊಟ್ಟೆಯ ಆಕಾರ, ಅದರ ಹಸಿನಾತ ಇವೆಲ್ಲವನ್ನೂ ಕಣ್ಣಾರೆ ಕಂಡು ಬರೆದಂತಿದೆ. ಗಂಡಾಮೆಯ ಕಾವಲು ಮಾತ್ರ ಕಲ್ಪನೆ. ಗಂಡು ಕಡಲಾಮೆ ಹುಟ್ಟಿದ ದಿನ ನೀರಿಗಿಳಿದರೆ ಆಮೇಲೆ ಸಾಮಾನ್ಯವಾಗಿ ದಡವನ್ನೇ ಹತ್ತುವುದಿಲ್ಲ. ಕಾವಲಿಲ್ಲದ ಗೂಡನ್ನು ಕಂಡು ಕವಿಯ ಮನಸ್ಸು ಒಪ್ಪದೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿತು. ಇದೇ ಕೋರಮಂಡಲ ತೀರದಲ್ಲಿ ಕಳೆದ ಐವತ್ತು ವರ್ಷಗಳಿಂದ ಆ ಕಾವಲಿನ ಕೆಲಸವನ್ನು ನಿಜಕ್ಕೂ ಕೈಗೆತ್ತಿಕೊಂಡ ಮನುಷ್ಯರ ಕಥೆಯನ್ನು ಹೇಳುವುದು ಈ ಬರಹದ ಉದ್ದೇಶ.

ಮೊದಲು ಪ್ರಾಣಿಯ ಪರಿಚಯ. ಭಾರತದ ಸಮುದ್ರಗಳಲ್ಲಿ ಐದು ಜಾತಿಯ ಕಡಲಾಮೆಗಳಿವೆ. ಚೆನ್ನೈ ತೀರಕ್ಕೆ ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ. ಚಿಪ್ಪಿನ ಉದ್ದ ಎರಡು ಅಡಿಗೆ ತುಸು ಹೆಚ್ಚು, ತೂಕ ನಲವತ್ತು ಕಿಲೋ ಆಸುಪಾಸು. ಕಡಲಾಮೆಗಳಲ್ಲಿ ಇದು ಚಿಕ್ಕದೇ. ತಮಿಳಿನಲ್ಲಿ ಇದರ ಹೆಸರು ಪಂಗುನಿ ಆಮೆ. ಪಂಗುನಿಯೆಂದರೆ ಹೆಚ್ಚುಕಡಿಮೆ ನಮ್ಮ ಫಾಲ್ಗುಣ. ಜನವರಿಯಿಂದ ಮಾರ್ಚ್ ಕೊನೆಯವರೆಗೆ, ಕೆಲವೊಮ್ಮೆ ಏಪ್ರಿಲ್‌ಗೂ ಚಾಚಿ, ಹೆಣ್ಣಾಮೆಗಳು ಕತ್ತಲಲ್ಲಿ ಒಂದೊಂದಾಗಿ ದಡ ಹತ್ತುತ್ತವೆ. ಅಲೆಯ ಗೆರೆಯಿಂದ ಮೇಲೆ ಒಣಮರಳಿಗೆ ಬಂದು ಹಿಂಗಾಲುಗಳಿಂದ ಒಂದೂವರೆ ಅಡಿ ಆಳದ, ಹೂಜಿಯ ಆಕಾರದ ಗುಳಿ ತೋಡುತ್ತವೆ. ನೂರು, ನೂರಿಪ್ಪತ್ತು ಮೊಟ್ಟೆ. ಬಳಿಕ ಮರಳು ಮುಚ್ಚಿ, ತಮ್ಮ ಇಡೀ ಮೈಯನ್ನು ಎಡಕ್ಕೂ ಬಲಕ್ಕೂ ಒಲೆದು ಧೊಪ್ಪ ಧೊಪ್ಪನೆ ಅದನ್ನು ಅದುಮುತ್ತವೆ. ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು. ಮೊಟ್ಟೆಯಿಡುವಾಗ ಅದರ ಕಣ್ಣಿನಿಂದ ನೀರು ಹರಿಯುತ್ತದೆ. ನೋಡಿದವರು ಅಳುತ್ತಿದೆಯೆಂದು ಭಾವಿಸುತ್ತಾರೆ. ಅದು ದೇಹದ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ. ಸುಮಾರು ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿದು ಅದು ನೀರಿನತ್ತ ತಿರುಗುತ್ತದೆ.

ಉಳಿದುದು ಸೂರ್ಯನ ಮತ್ತು ಮರಳಿನ ಕೆಲಸ. ನಲವತ್ತೈದರಿಂದ ಅರುವತ್ತು ದಿನ. ಮರಿಗಳು ಒಟ್ಟಾಗಿ ಮೇಲೆದ್ದು, ಎಲ್ಲಿ ಬೆಳಕು ಹೆಚ್ಚೋ ಅತ್ತ ಓಡುತ್ತವೆ. ವಿದ್ಯುತ್ತು ಇಲ್ಲದ ಕೋಟ್ಯಂತರ ವರ್ಷಗಳ ಕಾಲ ರಾತ್ರಿಯಲ್ಲಿ ಹೆಚ್ಚು ಬೆಳಕಿದ್ದ ದಿಕ್ಕು ಸಮುದ್ರವೇ ಆಗಿತ್ತು. ನಕ್ಷತ್ರದ ಬೆಳಕನ್ನು ನೀರು ಪ್ರತಿಫಲಿಸುತ್ತದೆ, ನೆಲ ಪ್ರತಿಫಲಿಸುವುದಿಲ್ಲ. ಈಗ ಬೆಸೆಂಟ್ ನಗರದಲ್ಲಿ ಹುಟ್ಟಿದ ಮರಿಗೆ ಹೆಚ್ಚು ಬೆಳಕು ಕಾಣುವುದು ರಸ್ತೆಯ ದೀಪಗಳಲ್ಲಿ, ಐಸ್‌ಕ್ರೀಂ ಅಂಗಡಿಗಳಲ್ಲಿ. ಅತ್ತ ಹೋದದ್ದು ನಾಯಿಗೋ ಕಾಗೆಗೋ ಸಿಗುತ್ತದೆ, ಇಲ್ಲವೇ ಬೆಳಗಿನ ಬಿಸಿಲಿಗೆ ಒಣಗುತ್ತದೆ. ಕಾವಲು ಬೇಕಾದದ್ದು ಇದಕ್ಕೆ. ಆದರೆ ಐವತ್ತು ವರ್ಷಗಳ ಹಿಂದೆ ಕಾವಲು ಆರಂಭವಾದಾಗ ಕಾರಣ ದೀಪವಾಗಿರಲಿಲ್ಲ, ಮನುಷ್ಯನ ಹಸಿವು ಮತ್ತು ಮಾರುಕಟ್ಟೆಯಾಗಿತ್ತು.

ಕಡಲಾಮೆಯ ಮೊಟ್ಟೆಯನ್ನು ತಿನ್ನುವುದು ನಮ್ಮ ಕರಾವಳಿಗಳಲ್ಲಿ ಅಪರಾಧವೆಂದು ಯಾರೂ ಎಣಿಸಿರಲಿಲ್ಲ. ಬಡವರಿಗೆ ಅದು ವರ್ಷದಲ್ಲಿ ಎರಡು ಮೂರು ತಿಂಗಳು ದೊರೆಯುವ ಪುಕ್ಕಟೆ ಆಹಾರ. ಮನ್ನಾರ್ ಕೊಲ್ಲಿಯ ತೀರದಲ್ಲಿ ಆಮೆಯ ಮಾಂಸ ತಿನ್ನುವ, ಔಷಧಿಯೆಂದು ಅದರ ರಕ್ತ ಕುಡಿಯುವ ರೂಢಿಯೂ ಇತ್ತು. ಒಡಿಶಾದಲ್ಲಿ ವಿಷಯ ಇನ್ನೂ ದೊಡ್ಡದು. ಅಲ್ಲಿನ ಗಹಿರಮಥಾ ತೀರದಲ್ಲಿ ಆಮೆಗಳು ಒಂದೊಂದಾಗಿ ಬರುವುದಿಲ್ಲ, ಕೆಲವೇ ರಾತ್ರಿಗಳಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಬರುತ್ತವೆ. ಇಂಥ ಸಾಮೂಹಿಕ ಆಗಮನಕ್ಕೆ ವಿಜ್ಞಾನಿಗಳು ಸ್ಪ್ಯಾನಿಷ್ ಭಾಷೆಯಿಂದ ಎರವಲು ಪಡೆದು ಅರಿಬಾದಾ ಎನ್ನುತ್ತಾರೆ. ಕನಿಕಾ ಜಮೀನುದಾರರ ಕಾಲದಲ್ಲಿ ದೋಣಿ ತುಂಬ ಒಯ್ಯುವ ಮೊಟ್ಟೆಗಳಿಗೆ ತೆರಿಗೆ ವಸೂಲಾಗುತ್ತಿತ್ತು. ಜಮೀನುದಾರಿ ಹೋದ ಮೇಲೆ ಅರಣ್ಯ ಇಲಾಖೆಯೇ ಪರವಾನಗಿ ಕೊಡತೊಡಗಿತು. ಮೊಟ್ಟೆಗಳನ್ನು ಒಣಗಿಸಿ ದನಗಳ ಮೇವಿಗೆ ಬೆರೆಸುತ್ತಿದ್ದರು ಎಂದರೆ ಅವುಗಳ ಹೇರಳತೆಯನ್ನು ಊಹಿಸಬಹುದು. ಇಷ್ಟಾದರೂ ಹೊರಜಗತ್ತಿನ ಜೀವವಿಜ್ಞಾನಕ್ಕೆ ಈ ತೀರದ ಅರಿವು ಬಂದದ್ದು 1974ರಲ್ಲಿ, ಮೊಸಳೆಗಳ ಸಂರಕ್ಷಣೆಗೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಪರವಾಗಿ ಬಂದಿದ್ದ ಎಚ್. ಆರ್. ಬಸ್ಟರ್ಡ್ ಅದನ್ನು ಕಂಡು ವರದಿ ಮಾಡಿದಾಗ. ಊರವರಿಗೆ ತಲೆಮಾರುಗಳಿಂದ ಗೊತ್ತಿದ್ದದ್ದನ್ನು ಹೊರಗಿನವನೊಬ್ಬ ಕಂಡಾಗ ಅದಕ್ಕೆ ಶೋಧವೆಂಬ ಹೆಸರು ಬರುತ್ತದೆ. ಅದೇನೇ ಇರಲಿ, ಮರುವರ್ಷವೇ, 1975ರಲ್ಲಿ, ಭಿತರಕನಿಕಾ ಅಭಯಾರಣ್ಯ ಘೋಷಣೆಯಾಯಿತು; ಮೊಟ್ಟೆಯ ಪರವಾನಗಿಗಳು ನಿಂತವು.

ಮದರಾಸಿನಲ್ಲಿ ಆರಂಭ ಇನ್ನೂ ಸಣ್ಣದು, ಆದರೆ ತುಸು ಮೊದಲಿನದು. ರೊಮುಲಸ್ ವಿಟಾಕರ್ ಎಂಬ, ಅಮೆರಿಕದಲ್ಲಿ ಹುಟ್ಟಿ ಭಾರತದಲ್ಲಿ ಬೆಳೆದ ಹಾವುಪ್ರೇಮಿ ಮದರಾಸಿನಲ್ಲಿ ಹಾವುಗಳ ಉದ್ಯಾನವನ್ನು ಕಟ್ಟಿದ್ದರು. ಅವರೂ ಅವರ ಸುತ್ತ ಸೇರಿದ ಹುಡುಗರೂ 1970ರ ದಶಕದ ಮೊದಲ ವರ್ಷಗಳಲ್ಲಿ ನಗರದ ದಕ್ಷಿಣಕ್ಕಿದ್ದ ಖಾಲಿ ಕಡಲತೀರದಲ್ಲಿ ರಾತ್ರಿಯೆಲ್ಲ ನಡೆದು ಆಮೆಯ ಗೂಡು ಹುಡುಕತೊಡಗಿದರು. ಆಗ ಆ ತೀರದಲ್ಲಿ ಬಂಗಲೆಗಳಿರಲಿಲ್ಲ. ಸರ್ವೆ ತೋಪು, ಮೀನುಗಾರರ ಕುಪ್ಪಗಳು, ನರಿಗಳು. ಆಮೆಯ ಹೆಜ್ಜೆಗುರುತನ್ನು ಮೊದಲು ಕಂಡವನಿಗೆ ಮೊಟ್ಟೆ. ಮಾರುವವರೂ ಉಳಿಸುವವರೂ ಒಂದೇ ದಾರಿಯಲ್ಲಿ ಪೈಪೋಟಿಗಿಳಿದಂತೆ ನಡೆಯುತ್ತಿದ್ದರು. ಸಿಕ್ಕ ಮೊಟ್ಟೆಗಳನ್ನು ತಂದು ಬೇಲಿ ಹಾಕಿದ ಮರಳಿನಲ್ಲಿ ಮತ್ತೆ ಅಷ್ಟೇ ಆಳದ ಗುಳಿ ತೋಡಿ ಹೂಳುವುದು, ಮರಿಯಾದಾಗ ನೀರಿಗೆ ಬಿಡುವುದು: ಇದೇ ಹ್ಯಾಚರಿ. ಭಾರತದಲ್ಲಿ ಕಡಲಾಮೆಯ ಮೊದಲ ಹ್ಯಾಚರಿಗಳಲ್ಲಿ ಒಂದು ಹೀಗೆ, ಯಾವ ಸರಕಾರಿ ಆದೇಶವೂ ಇಲ್ಲದೆ, ಕೆಲವು ಯುವಕರ ನಿದ್ರೆಗೆಟ್ಟ ಕಣ್ಣುಗಳಿಂದ ಹುಟ್ಟಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲೇ ಬಂದಿದ್ದರೂ ಆಲಿವ್ ರಿಡ್ಲಿ ಅದರ ಮೊದಲ ಅನುಸೂಚಿಗೆ ಸೇರಿದ್ದು 1977ರಲ್ಲಿ.

ಆ ಯುವಕರಲ್ಲಿ ಒಬ್ಬರ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಸತೀಶ್ ಭಾಸ್ಕರ್ ಕೇರಳ ಮೂಲದವರು, ಮದರಾಸಿನ ಐಐಟಿಯಲ್ಲಿ ಇಂಜಿನಿಯರಿಂಗ್ ಓದಲು ಬಂದು ತರಗತಿಗಿಂತ ಹೆಚ್ಚು ಹೊತ್ತು ಸಮುದ್ರದಲ್ಲಿ ಕಳೆದವರು, ಪದವಿ ಮುಗಿಸಲಿಲ್ಲ. ವಿಟಾಕರ್ ಅವರ ಬಳಗ ಸೇರಿ, ಕಡಲಾಮೆಗಳ ಬಗ್ಗೆ ದೇಶದಲ್ಲಿ ಯಾರಿಗೂ ಸರಿಯಾದ ಲೆಕ್ಕವಿಲ್ಲದ ಕಾಲದಲ್ಲಿ, ಆ ಲೆಕ್ಕವನ್ನು ತನ್ನ ಕಾಲುಗಳಿಂದಲೇ ತೆಗೆಯಲು ಹೊರಟರು. ಗುಜರಾತ್, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್: ಕಡಲಂಚಿನ ಸಾವಿರಾರು ಕಿಲೋಮೀಟರ್‌ಗಳನ್ನು ಅವರು ನಡೆದೇ ಸುತ್ತಿದರು. ಯಾವ ದ್ವೀಪದ ಯಾವ ದಂಡೆಗೆ ಯಾವ ಆಮೆ ಬರುತ್ತದೆ ಎಂಬ ನಮ್ಮ ಇಂದಿನ ತಿಳಿವಿನ ತಳಪಾಯದಲ್ಲಿ ಅವರ ಟಿಪ್ಪಣಿಗಳಿವೆ.

ಲಕ್ಷದ್ವೀಪದ ಸುಹೇಲಿ ಜನವಸತಿಯಿಲ್ಲದ ಹವಳದ್ವೀಪ. ಹಸಿರು ಕಡಲಾಮೆಗಳು ಅಲ್ಲಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. ಹಾಗಾದರೆ ಎಣಿಸುವುದು ಹೇಗೆ? ಭಾಸ್ಕರ್ 1982ರಲ್ಲಿ ಮಳೆಗೆ ಮುಂಚೆ ಅಕ್ಕಿ ಬೇಳೆಗಳೊಂದಿಗೆ ಅಲ್ಲಿ ಇಳಿದು, ದೋಣಿ ಸಂಚಾರ ಮತ್ತೆ ಆರಂಭವಾಗುವ ತನಕ ತಿಂಗಳುಗಟ್ಟಲೆ ಒಬ್ಬರೇ ಉಳಿದರು. ಊರಿನೊಡನೆ ಯಾವ ಸಂಪರ್ಕವೂ ಇಲ್ಲ. ಜುಲೈ ತಿಂಗಳಲ್ಲಿ ಹೆಂಡತಿಗೊಂದು ಪತ್ರ ಬರೆದು ಬಾಟಲಿಯಲ್ಲಿಟ್ಟು ಬಿರಡೆ ಬಿಗಿದು ಸಮುದ್ರಕ್ಕೆಸೆದರು. ಆ ಬಾಟಲಿ ಅರಬ್ಬೀ ಸಮುದ್ರದ ಪ್ರವಾಹದಲ್ಲಿ ತೇಲಿ ಶ್ರೀಲಂಕೆಯ ತೀರಕ್ಕೆ ಹೋಯಿತು. ಅಲ್ಲೊಬ್ಬ ಮೀನುಗಾರ ಅದನ್ನು ಕಂಡು, ತಾನೂ ಒಂದು ಪತ್ರ ಜೊತೆಗಿರಿಸಿ, ಅಂಚೆಯ ಖರ್ಚು ತಾನೇ ಭರಿಸಿ, ವಿಳಾಸಕ್ಕೆ ಕಳುಹಿಸಿದ. ಭಾಸ್ಕರ್ ದ್ವೀಪದಲ್ಲಿದ್ದಾಗಲೇ ಪತ್ರ ಮನೆ ತಲುಪಿತ್ತು. ಇದನ್ನು ಯಾವುದಾದರೂ ಕಾದಂಬರಿಯಲ್ಲಿ ಓದಿದ್ದರೆ ನಾನು ನಂಬುತ್ತಿರಲಿಲ್ಲ. ಭಾಸ್ಕರ್ 2023ರಲ್ಲಿ ತೀರಿಕೊಂಡರು. ಅವರಿಗೆ ಸಲ್ಲಬೇಕಿದ್ದ ಕೀರ್ತಿ ಬದುಕಿನ ಕೊನೆಯಲ್ಲಿ ಅಷ್ಟಿಷ್ಟು ದೊರೆಯಿತು.

ಹಾವುಗಳ ಉದ್ಯಾನದ ಅದೇ ಬಳಗದಿಂದ ಬಂದ ಇನ್ನೊಬ್ಬರು ಜೆ. ವಿಜಯಾ, ಭಾರತದ ಮೊದಲ ಮಹಿಳಾ ಸರೀಸೃಪ ವಿಜ್ಞಾನಿ ಎಂದು ಇಂದು ಗುರುತಿಸಲ್ಪಡುವವರು. ಆ ವರ್ಷಗಳಲ್ಲಿ ಒಡಿಶಾ ಮತ್ತು ಬಂಗಾಳದ ಕಡಲಿನಲ್ಲಿ ಬಲೆಗೆ ಸಿಕ್ಕ ದೊಡ್ಡ ಆಮೆಗಳನ್ನು ಬೆನ್ನ ಮೇಲೆ ಮಗುಚಿ, ರೈಲು ಲಾರಿಗಳಲ್ಲಿ ತುಂಬಿ ಕಲ್ಕತ್ತೆಯ ಮಾರುಕಟ್ಟೆಗೆ ಸಾಗಿಸುವ ವ್ಯಾಪಾರ ಬಹಿರಂಗವಾಗಿಯೇ ನಡೆಯುತ್ತಿತ್ತು. ಕಾಯಿದೆಯ ಮೊದಲ ಅನುಸೂಚಿಯಲ್ಲಿದ್ದ ಪ್ರಾಣಿಯದು ಈ ಗತಿ. ಇಪ್ಪತ್ತರ ಹರೆಯದ ವಿಜಯಾ 1980ರ ದಶಕದ ಆರಂಭದಲ್ಲಿ ಬಂಗಾಳದ ದಿಘಾ ತೀರಕ್ಕೆ ಹೋಗಿ ಆ ಹತ್ಯೆಯನ್ನು ಕಂಡು ದಾಖಲಿಸಿದರು. ಚಿತ್ರಗಳು ರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದವು. ಪ್ರಧಾನಿ ಇಂದಿರಾ ಗಾಂಧಿಯವರ ಗಮನಕ್ಕೆ ಬಂದು ಕರಾವಳಿ ರಕ್ಷಣಾ ಪಡೆಗೆ ಆಮೆಗಳನ್ನು ಕಾಯುವ ಹೊಣೆಯೂ ಬಿತ್ತು. ಇಂದಿರಾ ಗಾಂಧಿಯವರ ಬಗ್ಗೆ ಯಾರ ಅಭಿಪ್ರಾಯ ಏನೇ ಇದ್ದರೂ ಈ ದೇಶದ ವನ್ಯಜೀವಿಗಳು ಅವರಿಗೆ ಋಣಿಯಾಗಿವೆ ಎಂಬುದನ್ನು ಅಲ್ಲಗಳೆಯಲಾಗದು. ವಿಜಯಾ 1982ರಲ್ಲಿ ಕೇರಳದ ಕಾಡಿನಲ್ಲಿ, ಎಪ್ಪತ್ತು ವರ್ಷಗಳಿಂದ ಯಾರ ಕಣ್ಣಿಗೂ ಬೀಳದಿದ್ದ ಪುಟ್ಟ ನೆಲದಾಮೆಯೊಂದನ್ನು ಮತ್ತೆ ಪತ್ತೆಮಾಡಿದರು. ಇಪ್ಪತ್ತೆಂಟರ ಆಸುಪಾಸಿನಲ್ಲಿ, 1987ರಲ್ಲಿ, ತೀರಿಕೊಂಡರು. ಆ ಕಾಡಾಮೆಯ ಕುಲಕ್ಕೆ 2006ರಲ್ಲಿ ವಿಜಯಾಕೆಲಿಸ್ ಎಂಬ ಹೆಸರಿಡಲಾಯಿತು.

ಮದರಾಸಿನ ತೀರದಲ್ಲಿ ಹ್ಯಾಚರಿಯ ಕೆಲಸ ವ್ಯಕ್ತಿಗಳಿಂದ ಸಂಸ್ಥೆಗಳಿಗೂ ಆಮೇಲೆ ಅರಣ್ಯ ಇಲಾಖೆಗೂ ಹೋಗಿ, 1980ರ ದಶಕದ ಕೊನೆಗೆ ಸೊರಗಿತು. ಆಗ ಅದನ್ನು ಎತ್ತಿಕೊಂಡವರು ಕಾಲೇಜು ವಿದ್ಯಾರ್ಥಿಗಳು. ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್ ಎಂಬ ಉದ್ದ ಹೆಸರಿನ ಪುಟ್ಟ ಬಳಗ 1988ರಲ್ಲಿ ಹುಟ್ಟಿತು. ಅದರ ಆರಂಭದ ಹುಡುಗರಲ್ಲಿ ಒಬ್ಬರಾದ ಕಾರ್ತಿಕ್ ಶಂಕರ್ ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರು, ಕಡಲಾಮೆಗಳ ವಿಷಯದಲ್ಲಿ ದೇಶದ ಪ್ರಮುಖ ವಿದ್ವಾಂಸರು. ಭಾರತದ ಕರಾವಳಿಯ ಈ ಇತಿಹಾಸವನ್ನು 2015ರಲ್ಲಿ ಪುಸ್ತಕವಾಗಿಯೂ ಬರೆದಿದ್ದಾರೆ. ಆ ವಿದ್ಯಾರ್ಥಿಗಳಿಗೆ ಕಚೇರಿಯಿರಲಿಲ್ಲ, ಸಂಬಳವಿರಲಿಲ್ಲ, ಹಗಲು ತರಗತಿಯಿರುತ್ತಿತ್ತು. ಪರೀಕ್ಷೆಯ ಕಾಲವೂ ಆಮೆಯ ಕಾಲವೂ ಒಂದೇ ಎಂಬುದು ಅವರ ಪಾಲಿಗೆ ಒದಗಿದ ಕಷ್ಟ. ಒಂದು ಪೀಳಿಗೆ ಓದು ಮುಗಿಸಿ ಉದ್ಯೋಗಕ್ಕೆ ಹೋದರೆ ಇನ್ನೊಂದು ಬರುತ್ತಿತ್ತು. ಸಂಸ್ಥೆಗಳು ಸಾಮಾನ್ಯವಾಗಿ ನಾಯಕರ ಬಲದಿಂದ ಉಳಿಯುತ್ತವೆ. ಇದು ಉಳಿದದ್ದು ಜನವರಿ ಬಂದೊಡನೆ ಯಾರಾದರೊಬ್ಬರು ಟಾರ್ಚು ಕೋಲು ಹಿಡಿದು ಹೊರಡುತ್ತಾರೆ ಎಂಬ ಅಭ್ಯಾಸದ ಬಲದಿಂದ. ವಾರಾಂತ್ಯಗಳಲ್ಲಿ ಸಾರ್ವಜನಿಕರನ್ನೂ ಕರೆದೊಯ್ಯುವುದು ಆಮೇಲೆ ರೂಢಿಯಾಯಿತು. ನಾನು ಹೋದದ್ದು ಅಂಥದೊಂದು ರಾತ್ರಿ.

ನಮ್ಮ ಗುಂಪಿನಲ್ಲಿ ಇಪ್ಪತ್ತು ಜನ. ಮಧ್ಯರಾತ್ರಿಗೆ ತುಸು ಮೊದಲು ನೀಲಾಂಗರೈಯಲ್ಲಿ ಸೇರಿದೆವು. ಟಾರ್ಚು ಹಚ್ಚಬಾರದು, ಮಾತು ಮೆಲ್ಲಗಿರಬೇಕು, ಚಪ್ಪಲಿ ಕೈಯಲ್ಲಿ. ಮುಂದೆ ನಡೆಯುತ್ತಿದ್ದ ಹುಡುಗಿಗೆ ಇಪ್ಪತ್ತು ತುಂಬಿರಲಿಲ್ಲ. ಮೂರು ತಾಸು ಏನೂ ಸಿಗಲಿಲ್ಲ. ಕೊನೆಗೆ ಅವಳು ನಿಂತಲ್ಲಿ ನಮಗೆ ಕಂಡದ್ದು ಟ್ರ್ಯಾಕ್ಟರಿನ ಚಕ್ರ ಹೋದಂಥ ಗುರುತು, ನೀರಿನಿಂದ ಮೇಲಕ್ಕೆ, ಮತ್ತೆ ನೀರಿಗೆ. ಆಮೆ ಹೋಗಿಯಾಗಿತ್ತು. ಕೋಲಿನ ತುದಿಯಿಂದ ಮರಳನ್ನು ಒತ್ತುತ್ತ, ಮೆದುವಾದ ಜಾಗ ಸಿಕ್ಕಾಗ ಕೋಲನ್ನು ಬದಿಗಿಟ್ಟು ಬರಿಗೈಯಿಂದ ತೋಡಿದರು. ಮೊಟ್ಟೆಗಳು ಪಿಂಗ್‌ಪಾಂಗ್ ಚೆಂಡಿನಂತಿದ್ದವು, ಮೈ ಮೆತ್ತಗೆ, ತುಸು ಅಂಟು. ಒಂದೊಂದನ್ನೂ ಎಣಿಸಿ ಬಟ್ಟೆಯ ಚೀಲಕ್ಕೆ ಇಳಿಸಿದರು. ನೂರ ಹದಿಮೂರು. ಮೊಟ್ಟೆಯಿಟ್ಟ ಕೆಲವು ತಾಸುಗಳೊಳಗೆ ಸಾಗಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಅಲುಗಿಸಿದರೆ ಸಾಯುತ್ತದೆ ಎಂದು ಅವಳು ವಿವರಿಸಿದಳು. ಚೀಲವನ್ನು ಸ್ವಲ್ಪ ದೂರ ನಾನೂ ಹೊತ್ತೆ. ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ 1930ರಲ್ಲಿ ಪ್ರಾಣಬಿಟ್ಟ ಡೆನ್ಮಾರ್ಕಿನ ನಾವಿಕ ಕಾರ್ಲ್ ಸ್ಮಿತ್‌ನ ಸ್ಮಾರಕದ ಕಮಾನು ದೂರದಲ್ಲಿ ಕಂಡಾಗ ಹ್ಯಾಚರಿ ಹತ್ತಿರವಾಯಿತೆಂದು ಗೊತ್ತಾಯಿತು.

ಇಷ್ಟನ್ನು ಬರೆದು ನಿಲ್ಲಿಸಿದರೆ ಇದೊಂದು ಸೊಗಸಾದ ಕಥೆಯಾದೀತು. ಆದರೆ ಹ್ಯಾಚರಿಯ ಇತಿಹಾಸದಲ್ಲಿ ಮುಜುಗರದ ಅಧ್ಯಾಯವೊಂದಿದೆ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ವರ್ಣತಂತುಗಳಲ್ಲ, ಮೊಟ್ಟೆ ಹೂತ ಮರಳಿನ ಉಷ್ಣತೆ. ಸುಮಾರು 29 ಡಿಗ್ರಿಗಿಂತ ಮೇಲೇರಿದಷ್ಟೂ ಹೆಣ್ಣು ಹೆಚ್ಚು, ಕೆಳಗಿಳಿದಷ್ಟೂ ಗಂಡು ಹೆಚ್ಚು. ಇದರ ಮಹತ್ವ ಸಂರಕ್ಷಕರಿಗೆ ಮನದಟ್ಟಾದದ್ದು 1980ರ ಆಸುಪಾಸಿನಲ್ಲಿ. ಅಲ್ಲಿಯತನಕ ಹಲವು ದೇಶಗಳಲ್ಲಿ ಮೊಟ್ಟೆಗಳನ್ನು ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ ಜೋಪಾನವಾಗಿಟ್ಟು ಮರಿ ಮಾಡಿಸುತ್ತಿದ್ದರು. ಪೆಟ್ಟಿಗೆಯ ಒಳಗು ಮರಳಿಗಿಂತ ತಂಪು. ಎಷ್ಟೋ ಸಾವಿರ ಮರಿಗಳನ್ನು ಹೆಮ್ಮೆಯಿಂದ ಸಮುದ್ರಕ್ಕೆ ಬಿಟ್ಟವರು ತಾವು ಬಹುಪಾಲು ಗಂಡುಗಳನ್ನೇ ತಯಾರಿಸಿದ್ದೆವೆಂದು ತಡವಾಗಿ ಅರಿತರು. ಮರಳಿನಲ್ಲೇ ಹೂಳುವ ಚೆನ್ನೈ ಮಾದರಿಗೆ ಆ ದೋಷ ತಟ್ಟಲಿಲ್ಲವಾದರೂ ಅದಕ್ಕೀಗ ತದ್ವಿರುದ್ಧವಾದ ಆತಂಕವಿದೆ: ವರ್ಷದಿಂದ ವರ್ಷಕ್ಕೆ ಬಿಸಿಯೇರುವ ಮರಳಿನಲ್ಲಿ ಹೆಣ್ಣುಗಳೇ ಹುಟ್ಟಿದರೆ? ಮಾರ್ಚ್ ಕಳೆದ ಮೇಲೆ ಹ್ಯಾಚರಿಗಳ ಮೇಲೆ ನೆರಳಿನ ಬಲೆ ಹಾಸುವುದನ್ನು ಈಗ ಕಾಣುತ್ತೇವೆ. ಪುರಾಣಿಕರು ಹೇಳಿದ ಸ್ಮರಣೆಯ ಬಿಸುಪು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಇದಕ್ಕಿಂತ ದೊಡ್ಡ ಪ್ರಶ್ನೆ ನೀರಿನಲ್ಲಿದೆ. ಸಾವಿರ ಮರಿಗಳಲ್ಲಿ ಒಂದು ಪ್ರೌಢಾವಸ್ಥೆಗೆ ತಲುಪುತ್ತದೆ ಎನ್ನುವುದು ರೂಢಿಯ ಲೆಕ್ಕ. ಹಾಗಾದರೆ ದಡಕ್ಕೆ ಬರುವ ಒಂದು ತಾಯಾಮೆ ಸತ್ತರೆ ಎಷ್ಟು ಗೂಡುಗಳನ್ನು ಕಾಯ್ದು ಆ ನಷ್ಟ ತುಂಬಬೇಕು? 1950ರ ದಶಕದಲ್ಲಿ ನಾರ್ವೆಯ ನೆರವಿನ ಯೋಜನೆಯೊಂದಿಗೆ ಕೇರಳದಲ್ಲಿ ಆರಂಭವಾದ ಯಾಂತ್ರಿಕ ಮೀನುಗಾರಿಕೆ ಸಿಗಡಿಯ ರಫ್ತಿನ ಆಸೆಯಿಂದ ಎಲ್ಲ ತೀರಗಳಿಗೂ ಹಬ್ಬಿತು. ಟ್ರಾಲ್ ಬಲೆ ಸಮುದ್ರದ ತಳವನ್ನು ಗುಡಿಸುತ್ತ ತಾಸುಗಟ್ಟಲೆ ಸಾಗುತ್ತದೆ. ಆಮೆಗೆ ಶ್ವಾಸಕೋಶವಿದೆ, ಉಸಿರಿಗಾಗಿ ಮೇಲೆ ಬರಲೇಬೇಕು. ಬಲೆಯೊಳಗೆ ಸಿಕ್ಕಿದ್ದು ಮುಳುಗಿ ಸಾಯುತ್ತದೆ. ಸಿಗಡಿಯನ್ನು ಹಿಡಿದಿಟ್ಟು ಆಮೆಯನ್ನು ಹೊರಬಿಡುವ ಕಂಬಿಜಾಲರಿಯ ಸಾಧನವೊಂದು ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದಿಲ್ಲದೆ ಹಿಡಿದ ಸಿಗಡಿ ತಮಗೆ ಬೇಡವೆಂದು ಆ ದೇಶ 1989ರಲ್ಲಿ ಕಾನೂನು ಮಾಡಿತು. ಇದರ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರಿತ್ತ ನಾಲ್ಕು ದೇಶಗಳಲ್ಲಿ ಭಾರತವೂ ಒಂದು. 1998ರ ತೀರ್ಪು, ಅಮೆರಿಕ ನಿಯಮವನ್ನು ತಾರತಮ್ಯದಿಂದ ಜಾರಿಗೊಳಿಸಿದ್ದು ತಪ್ಪು, ಆದರೆ ಆಮೆಯನ್ನು ಉಳಿಸುವ ಉದ್ದೇಶ ನ್ಯಾಯವಾದುದೇ ಎಂದಿತು. ತಮ್ಮ ಸಮುದ್ರದ ಆಮೆಗಳನ್ನು ತಾವು ಕಾಯದೆ, ಕಾಯಿರಿ ಎಂದವನ ಮೇಲೆ ದೂರು ಹೋಗುವುದರಲ್ಲಿ ಸ್ವಾಭಿಮಾನ ಎಷ್ಟು, ಹಟ ಎಷ್ಟು ಎಂದು ನನಗೆ ಇನ್ನೂ ನಿರ್ಧರಿಸಲಾಗಿಲ್ಲ. ಬಲಿಷ್ಠ ದೇಶವೊಂದು ತನ್ನ ಮಾರುಕಟ್ಟೆಯನ್ನು ಚಾವಟಿಯಾಗಿ ಬಳಸುವುದೂ ಹಿತವಲ್ಲ.

ಜನವರಿ 2025ರಲ್ಲಿ ಚೆನ್ನೈ ಮತ್ತು ಅದರ ದಕ್ಷಿಣದ ತೀರಗಳಿಗೆ ಸತ್ತ ಆಮೆಗಳು ತೇಲಿಬಂದವು. ಒಂದೆರಡಲ್ಲ, ಕೆಲವೇ ವಾರಗಳಲ್ಲಿ ನೂರಾರು. ಬೆಳಗಿನ ವಾಯುವಿಹಾರಕ್ಕೆ ಹೋಗುವ ನಮ್ಮಂಥವರು ಮೂಗು ಮುಚ್ಚಿಕೊಂಡು ದಾಟಿಹೋದೆವು. ಕಣ್ಣುಗಳು ಉಬ್ಬಿ, ಕುತ್ತಿಗೆ ಊದಿಕೊಂಡ ಶವಗಳು. ಉಸಿರುಗಟ್ಟಿ ಮುಳುಗಿದವುಗಳ ಲಕ್ಷಣವದು. ತಮಿಳುನಾಡಿನ 1983ರ ಸಾಗರ ಮೀನುಗಾರಿಕೆ ಕಾಯಿದೆಯಂತೆ ಯಾಂತ್ರಿಕ ದೋಣಿಗಳು ದಡದಿಂದ ಐದು ನಾಟಿಕಲ್ ಮೈಲಿಯೊಳಗೆ ಬಲೆ ಎಳೆಯುವಂತಿಲ್ಲ. ಮೊಟ್ಟೆಯಿಡಲು ಬಂದ ಆಮೆಗಳು ಸೇರುವುದೂ ಆ ಐದು ಮೈಲಿಗಳಲ್ಲೇ. ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಗಸ್ತು ಹೆಚ್ಚಿತು. ಐವತ್ತು ವರ್ಷ ದಡದಲ್ಲಿ ಮೊಟ್ಟೆ ಕಾಯ್ದವರಿಗೆ ಆ ತಿಂಗಳು ಹೇಗೆ ಕಂಡಿರಬಹುದು? ಅವರು ರಾತ್ರಿ ನಡೆಯುವುದನ್ನು ನಿಲ್ಲಿಸಲಿಲ್ಲ. ನಡೆಯುವ ಹಾದಿಯಲ್ಲಿ ಶವಗಳನ್ನೂ ಎಣಿಸಿ ಬರೆದುಕೊಂಡರು. ಆ ಲೆಕ್ಕವಿಲ್ಲದಿದ್ದರೆ ನ್ಯಾಯಮಂಡಳಿಯ ಮುಂದೆ ಇಡಲು ಬಲವಾದ ಸಾಕ್ಷ್ಯವೇ ಇರುತ್ತಿರಲಿಲ್ಲ. ಹ್ಯಾಚರಿಯಿಂದ ಆಮೆಯ ಸಂತತಿ ಎಷ್ಟು ಹೆಚ್ಚಿತೆಂಬುದು ವಾದಕ್ಕೆ ಬಿಟ್ಟ ವಿಷಯ; ತೀರವನ್ನು ಪ್ರತಿರಾತ್ರಿ ನೋಡುವ ಕಣ್ಣುಗಳನ್ನು ಅದು ಸೃಷ್ಟಿಸಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ದೋಷವನ್ನು ಮೀನುಗಾರರೆಂಬ ಒಂದೇ ಪದಕ್ಕೆ ಅಂಟಿಸುವ ನಗರವಾಸಿಗಳ ಚಾಳಿಯನ್ನು ಇಲ್ಲಿ ವಿರೋಧಿಸಬೇಕು. ಕುಪ್ಪಗಳಿಂದ ಸಣ್ಣ ದೋಣಿಯಲ್ಲಿ ಹೋಗುವವನೂ, ದೂರದ ಬಂದರಿನಿಂದ ಟ್ರಾಲರ್ ಕಳುಹಿಸುವ ಮಾಲೀಕನೂ ಒಂದೇ ಜಾತಿಯ ಮನುಷ್ಯರಲ್ಲ. ಟ್ರಾಲರ್ ತಳ ಗುಡಿಸಿದರೆ ಮೊದಲು ಬರಿಗೈಯಾಗುವವನು ಸಣ್ಣ ದೋಣಿಯವನು. ಒಡಿಶಾದಲ್ಲಿ ಗಹಿರಮಥಾ 1997ರಲ್ಲಿ ಸಾಗರ ಅಭಯಾರಣ್ಯವಾಯಿತು; ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳ ಮುಂದೆ ನವೆಂಬರ್‌ನಿಂದ ಮೇ ಕೊನೆಯವರೆಗೆ ಮೀನುಗಾರಿಕೆ ನಿಷಿದ್ಧ. ಏಳು ತಿಂಗಳು ಬಲೆ ಮಡಚಿಡಬೇಕಾದ ಕುಟುಂಬಗಳಿಗೆ ಆಮೆ ಯಾವ ದೇವರ ಅವತಾರವಾಗಿ ಕಂಡೀತು? ಅದೇ ಋಷಿಕುಲ್ಯಾದ ಹಳ್ಳಿಗಳ ಯುವಕರೇ ಗೂಡುಗಳಿಗೆ ಬಲೆ ಸುತ್ತಿ, ದಾರಿತಪ್ಪಿದ ಮರಿಗಳನ್ನು ಬಕೆಟ್ಟಿನಲ್ಲಿ ತುಂಬಿ ನೀರಿಗೆ ಬಿಡುತ್ತಾರೆ ಎಂಬುದೂ ನಿಜ. 2025ರ ಫೆಬ್ರವರಿಯಲ್ಲಿ, ಚೆನ್ನೈ ಶವಗಳನ್ನೆಣಿಸಿದ ಮರುತಿಂಗಳೇ, ಅಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಮೆಗಳು ಬಂದು ಮೊಟ್ಟೆಯಿಟ್ಟವು. ಎರಡು ಸುದ್ದಿಗಳನ್ನು ಜೊತೆಗಿಟ್ಟು ಏನು ಅರ್ಥ ಮಾಡಿಕೊಳ್ಳಬೇಕೆಂದು ವಿಜ್ಞಾನಿಗಳೇ ಎಚ್ಚರದಿಂದ ಮಾತಾಡುತ್ತಾರೆ.

ಮುಂಬಯಿ ಪುಣೆಯ ಓದುಗರಿಗೆ ಹತ್ತಿರದ ತೀರವೆಂದರೆ ರತ್ನಾಗಿರಿ ಜಿಲ್ಲೆಯ ವೇಳಾಸ್, ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ಊರು. ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಅಲ್ಲಿ ಕೆಲಸ ಆರಂಭಿಸಿದಾಗ ಮೊಟ್ಟೆಗಳು ಊರಿನ ಅಡುಗೆಮನೆಗೆ ಹೋಗುತ್ತಿದ್ದವು. ಕಾಯುವ ಕೆಲಸಕ್ಕೆ ಊರವರನ್ನೇ ಸೇರಿಸಿ, ಮರಿಗಳು ಹೊರಬರುವ ಕಾಲಕ್ಕೆ ಆಮೆಯ ಉತ್ಸವವನ್ನೂ ಆರಂಭಿಸಿದರು. ನಗರದಿಂದ ಬಂದವರು ಊರಿನ ಮನೆಗಳಲ್ಲೇ ಉಳಿದು ಉಣ್ಣುತ್ತಾರೆ. ಆಮೆ ಮೊಟ್ಟೆಯಾಗಿ ಕೊಡುತ್ತಿದ್ದುದಕ್ಕಿಂತ ಹೆಚ್ಚನ್ನು ಮರಿಯಾಗಿ ಕೊಡತೊಡಗಿತು. ಇದು ಚೆನ್ನೈಯ ದಾರಿಗಿಂತ ಭಿನ್ನ, ಬಹುಶಃ ಹೆಚ್ಚು ಗಟ್ಟಿ. ಉತ್ಸವದ ಗದ್ದಲವೇ ಮುಂದೆ ಆಮೆಗೆ ತೊಡಕಾಗದಿದ್ದರೆ ಸಾಕು.

ನಮ್ಮ ಕರ್ನಾಟಕದ ತೀರ ಈ ಇತಿಹಾಸದಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದಿಲ್ಲ. ಗೂಡುಗಳು ಕಡಿಮೆ, ಚದುರಿದವು. ಆದರೂ ಕಾರವಾರ, ಹೊನ್ನಾವರ, ಕುಂದಾಪುರದ ಆಸುಪಾಸಿನಲ್ಲಿ ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುವುದು, ಇದ್ದಲ್ಲಿಯೇ ಬಲೆಯ ಬೇಲಿ ಕಟ್ಟಿ ಕಾಯುವುದು ಕಳೆದ ವರ್ಷಗಳಲ್ಲಿ ಬೆಳೆದು ಬಂದಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಬಂದಾಗ ಅದನ್ನು ವಿರೋಧಿಸಿದ ಮೀನುಗಾರರು ತಮ್ಮ ಮನೆ, ಮೀನು ಒಣಗಿಸುವ ಅಂಗಳಗಳೊಂದಿಗೆ ಆಮೆಯ ಗೂ‌ಡುಗಳನ್ನೂ ತೋರಿಸಿ ಈ ದಂಡೆ ಯಾರದು ಎಂದು ಕೇಳಿದರು. ಬೇರೆಡೆ ಯಾವ ಆಮೆಯ ಹೆಸರಿನಲ್ಲಿ ಮೀನುಗಾರನನ್ನು ದೂರ ಸರಿಸಲಾಯಿತೋ ಅದೇ ಆಮೆ ಇಲ್ಲಿ ಅವನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತಿತು.

ಪೂರ್ವದ ಆಮೆ ಬೇರೆ, ಪಶ್ಚಿಮದ ಆಮೆ ಬೇರೆ ಎಂದೇ ನಾವು ತಿಳಿದಿದ್ದೆವು. 2021ರಲ್ಲಿ ಒಡಿಶಾದ ತೀರದಲ್ಲಿ ಒಂದು ಹೆಣ್ಣಾಮೆಯ ಮುಂಗಾಲಿಗೆ 03233 ಎಂಬ ಸಂಖ್ಯೆಯ ಲೋಹದ ಪಟ್ಟಿ ಹಾಕಿ ಬಿಟ್ಟಿದ್ದರು. 2025ರ ಜನವರಿಯ ಒಂದು ರಾತ್ರಿ ಅದು ರತ್ನಾಗಿರಿಯ ಗುಹಾಗರದ ದಂಡೆಯನ್ನು ಹತ್ತಿ ಮೊಟ್ಟೆಯಿಟ್ಟಿತು. ಅಲ್ಲಿನವರು ಸಂಖ್ಯೆ ಬರೆದುಕೊಂಡರು, ವಿಚಾರಿಸಿದರು, ಉತ್ತರ ಬಂತು. ಎರಡು ತೀರಗಳ ನಡುವೆ ಸಮುದ್ರದ ದಾರಿ ಸಾವಿರಾರು ಕಿಲೋಮೀಟರ್. ಶ್ರೀಲಂಕೆಯನ್ನೋ ಪಾಂಬನ್ನನ್ನೋ ಬಳಸಿ, ಮಲಬಾರು, ನಮ್ಮ ಕರಾವಳಿ, ಗೋವೆಗಳನ್ನು ದಾಟಿ ಅದು ಬಂದಿರಬೇಕು. ಹ್ಯಾಚರಿಯ ಬೇಲಿಯೊಳಗೆ ಆ ಗೂಡಿನಿಂದ ನೂರೇಳು ಮರಿಗಳು ಹೊರಬಂದವೆಂದು ವರದಿಯಾಯಿತು. ಆ ಹೊತ್ತಿಗೆ ತಾಯಿ ಎಲ್ಲಿತ್ತೋ ಯಾರಿಗೂ ತಿಳಿಯದು.